ಬ್ಯಾಳಿ ಹೆಚ್ಚಾಗ್ಯಾದ

ದುಂಡಮ್ಮನವರು ಊಟಕ್ಕೆ ಬರುವ ದಿನ ಬೆಳಿಗ್ಗೆ ಆಯಿ, ಅಂದರೆ ಅಪ್ಪನ ತಾಯಿ, ಅಕ್ಕನನ್ನೂ ನನ್ನನ್ನೂ ಅಡುಗೆಮನೆಯ ಮೂಲೆಗೆ ಕರೆದು, ಇಬ್ಬರ ಬಾಯಿಗೂ ಒಂದೊಂದು ಲವಂಗ ಇಟ್ಟಳು.

“ಇದು ಬಾಯಾಗ ಇರೋತನಕ ಮಾತಾಡಂಗಿಲ್ಲ.”

ಅಕ್ಕ ಅಂಬಿಕಾ ಲವಂಗವನ್ನು ದವಡೆಗೆ ಸರಿಸಿಕೊಂಡು, “ಆಯಿ, ನನಗ ನೋಡಾಕ ಬರಾಕತ್ತಾರ. ಹುಡುಗಿ ಮೂಗಿ ಅಂತ ತಿಳ್ಕೊಂಡು ಹೋದ್ರ?” ಅಂದಳು.

“ಮೂಗಿ ಅಂತ ತಿಳ್ಕೊಂಡ್ರ ನಡೀತದ. ಮಾಟಗಾತಿ ಅಂತ ತಿಳ್ಕೋಬಾರದು.”

ನಮ್ಮ ಮಾಟ ಬಹಳ ಸಣ್ಣದು. ನಮಗೆ ಹಾರಲು ಬರುವುದಿಲ್ಲ, ಯಾರನ್ನೂ ಗಿಳಿ ಮಾಡಲು ಬರುವುದಿಲ್ಲ. ಮನೆಮಂದಿ ಶುಭಕ್ಕೆಂದು ಆಡುವ ಮಾತುಗಳಿವೆಯಲ್ಲ, ಅಕ್ಕಿ ಮುಗಿದರೆ ‘ಹೆಚ್ಚಾಯಿತು’ ಅನ್ನುವುದು, ಹೋಗುವಾಗ ‘ಬರ್ತೀನಿ’ ಅನ್ನುವುದು, ಅವು ನಮ್ಮ ಬಾಯಿಂದ ಬಂದರೆ ಅಂದ ಹಾಗೆಯೇ ಆಗಿಬಿಡುತ್ತವೆ. ಅನ್ನುವಾಗ ಮನಸ್ಸು ಯಾವುದರ ಮೇಲಿರುತ್ತದೋ ಅದಕ್ಕೇ ಆಗುತ್ತದೆ. ನಿಲ್ಲಿಸಬೇಕಾದರೆ ನಮ್ಮಲ್ಲೇ ಯಾರಾದರೂ ಅಶುಭದ ಮಾತನ್ನು ನೆಟ್ಟಗೆ ಅನ್ನಬೇಕು; ಅದೂ ಅಂದ ಹಾಗೆಯೇ ಆಗುತ್ತದೆ.

ಹಾಗಾಗಿ ಆಯಿ ನಮ್ಮನ್ನು ಒರಟು ಬಾಯಿಯವರನ್ನಾಗಿ ಬೆಳೆಸಿದ್ದಾಳೆ. ಎಣ್ಣೆ ಖಾಲಿಯಾದರೆ ‘ತೀರ್ಯಾದ’. ಎದ್ದು ಹೊರಟರೆ ‘ಹೋಗ್ತೀನಿ’. ನಮ್ಮ ಮನೆಯ ಹೆಣ್ಣುಮಕ್ಕಳ ನಾಲಿಗೆ ಸರಿಯಿಲ್ಲ ಎಂದು ನಮ್ಮೂರು ಕಮಲಾಪುರದ ತುಂಬ ಹೆಸರು. ನನಗಂತೂ ನಾಲ್ಕು ಜನರ ಎದುರು ಮಾತಾಡಿಯೇ ರೂಢಿಯಿಲ್ಲ. ಆದರೂ ಎಂ.ಎ. ಮುಗಿದ ದಿನ ಮೈಮರೆತು “ಬರ್ತೀನ್ರಿ ಸರ್” ಅಂದುಬಿಟ್ಟೆ. ಬಾಗಿಲು ದಾಟಿದರೆ ಮತ್ತೆ ಸರ್ ಅವರ ಕೋಣೆಯೊಳಗೇ ಬಂದು ನಿಂತಿದ್ದೆ. ಮತ್ತೆ ದಾಟಿದೆ, ಮತ್ತೆ ಒಳಗೆ. ಕೊನೆಗೆ ಸರ್ ಕನ್ನಡಕ ತೆಗೆದು, “ಏನರೆ ಹೇಳೋದದ ಏನವಾ?” ಎಂದು ಚಹಾ ತರಿಸಿದರು.

ಅಕ್ಕನದು ಇನ್ನೂ ದೊಡ್ಡ ಫಜೀತಿ. ಕಲಬುರಗಿಯ ಕುಸನೂರಿನಲ್ಲಿ ನಾವಿಬ್ಬರೂ ಇದ್ದ ಬಾಡಿಗೆ ಕೋಣೆಯಲ್ಲಿ ಒಂದು ಬಳೆ ಒಡೆದಾಗ, ಮನೆಯೊಡತಿಯ ಮುಂದೆ ನಯವಾಗಿ “ಬಳಿ ಹೆಚ್ಚಾದ್ವು” ಅಂದಳು. ಭುಜದ ತನಕ ಬಳೆ ಬಂದವು. ‘ಒಡೆದವು’ ಅಂದರೆ ಕೈಮೇಲೇ ಎಲ್ಲ ಒಡೆಯುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ ಅವಳು ಸ್ವೆಟರ್ ಹಾಕಿಕೊಂಡು ತಿರುಗಾಡಿದಳು. ರಾತ್ರಿ ನಾನು ಸೋಪು ಹಚ್ಚಿ ಒಂದೊಂದೇ ಬಳೆ ಎಳೆಯುತ್ತಿದ್ದೆ.

ಈಗ ಬಂದದ್ದು ವಿವೇಕಾನಂದನ ಸಂಗತಿ. ಕಲಬುರಗಿಯ ದವಸದ ಪೇಟೆ ನೆಹರು ಗಂಜಿನಲ್ಲಿ ಅವರದು ತೊಗರಿಬೇಳೆಯ ಸಗಟು ಅಂಗಡಿ. ಅಕ್ಕ ಮೊದಲ ಸಲ ಹೋದಾಗ ಬೋಣಿಯೂ ಆಗಿರಲಿಲ್ಲವಂತೆ. ಇವಳು ಹೋಗಿ, “ಬ್ಯಾಳಿ ತೀರ್ಯಾದ್ರಿ, ಒಂದು ಕಿಲೋ ಕೊಡ್ರಿ” ಅಂದಳು. ಚೀಲಗಟ್ಟಲೆ ಮಾರುವವನು ನಕ್ಕು ಒಂದು ಕಿಲೋ ತೂಗಿಕೊಟ್ಟ. ಅಲ್ಲಿಂದಾಚೆ ನಮ್ಮ ಕೋಣೆಯಲ್ಲಿ ಬೇಳೆ ಬಹಳ ಬೇಗ ತೀರತೊಡಗಿತು. ತಿನ್ನುವವಳು ನಾನು. ಬೇಸಿಗೆಯೆಲ್ಲ ಬೇಳೆ ಬಿಟ್ಟು ಬೇರೇನೂ ಕಾಣಲಿಲ್ಲ.

ಅವನು ಒಪ್ಪಿದ್ದ, ನಮ್ಮ ಅಪ್ಪ ನಾಗಣ್ಣನೂ ಒಪ್ಪಿದ್ದ. ಉಳಿದವರು ಅವನ ತಾಯಿ ದುಂಡಮ್ಮ. ಅವರದು ಒಂದೇ ಕರಾರು: ಹುಡುಗಿಯ ಬಾಯಲ್ಲಿ ಅಶುಭ ಬರಬಾರದು. ವ್ಯಾಪಾರದ ಮನೆಗೆ ‘ಇಲ್ಲ’, ‘ತೀರಿತು’ ಅನ್ನುವ ಸೊಸೆ ಬೇಡ. ಅದಕ್ಕೇ ಚಹಾ, ಚುಡವಾ ಬೇಡವೆಂದು ಊಟಕ್ಕೇ ಹೇಳಿಸಿಕೊಂಡಿದ್ದರು. “ಹುಡುಗಿ ಕುಂತಿದ್ದು ನೋಡಿದ್ರ ಏನು ತಿಳೀತದ? ಬಡಸೂದು ನೋಡ್ಬೇಕು.”

ಅಂದರೆ ಅಕ್ಕ ‘ತೀರ್ಯಾದ’ ಅಂದರೆ ಸಂಬಂಧ ಹೋಯಿತು. ‘ಹೆಚ್ಚಾಗ್ಯಾದ’ ಅಂದರೆ ಗುಟ್ಟು ಹೋಯಿತು, ಅದರ ಹಿಂದೆಯೇ ಸಂಬಂಧವೂ.

ಏನೂ ತೀರದಷ್ಟು ಅಡುಗೆ ಮಾಡಿದರಾಯಿತು ಎಂದು ಅವ್ವ ಜೋಳದ ರೊಟ್ಟಿಯನ್ನು ಮೊಣಕಾಲೆತ್ತರ ಪೇರಿಸಿದ್ದಳು. ಆದರೆ ವಿವೇಕಾನಂದನಿಗೆ ಅಂಜಿಕೆಯಾದರೆ ಬೇಳೆ ಕುಡಿಯುವ ಚಟವಿದೆಯೆಂದು ಯಾರಿಗೆ ಗೊತ್ತು? ಕುಳಿತ ಗಳಿಗೆಯಿಂದ ಬಟ್ಟಲ ಮೇಲೆ ಬಟ್ಟಲು ಕುಡಿದ. ಅಪ್ಪ ಗಾಬರಿಯಿಂದ ಊಟ ಬಿಟ್ಟು ಕೆಂಪು ಬಾಳೆಹಣ್ಣು ಸುಲಿಯತೊಡಗಿದ.

“ಜರಾ ಬ್ಯಾಳಿ ಹಾಕವಾ,” ಅಂದರು ದುಂಡಮ್ಮ.

ಅಕ್ಕ ಪಾತ್ರೆಯೊಳಗೆ ನೋಡಿದಳು. ತಳ ಹೊಳೆಯುತ್ತಿತ್ತು. ಲವಂಗ ನುಂಗಿದಳು.

“ಬದನಿಕಾಯಿ ಹಾಕ್ಲೇನ್ರಿ?”

“ಬ್ಯಾಳಿ ಕೇಳ್ದೆ.”

“ಮಸರು?”

“ಬ್ಯಾಳಿ.”

“ಕೆಂಪು ಬಾಳಿಹಣ್ಣು ಅವ ನೋಡ್ರಿ, ನಮ್ಮ ಹೊಲದ್ದೇ.”

“ಬ್ಯಾಳಿ ಏನಾಗ್ಯಾದ, ಹೇಳವಾ.” ದುಂಡಮ್ಮ ರೊಟ್ಟಿ ಹಿಡಿದ ಕೈ ಹಾಗೇ ನಿಲ್ಲಿಸಿದರು. ಇದೇ ಪರೀಕ್ಷೆಯೆಂದು ನಮಗೆಲ್ಲ ತಿಳಿಯಿತು.

ಅಕ್ಕ ಒಮ್ಮೆ ವಿವೇಕಾನಂದನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಹೆಚ್ಚಾಗ್ಯಾದ್ರಿ,” ಅಂದಳು.

“ನೋಡು, ಎಷ್ಟು ಚಂದ ಅಂತು ಹುಡುಗಿ,” ಎಂದು ದುಂಡಮ್ಮನವರ ಮುಖ ಅರಳಿತು.

ಆಯಿ, ಅಕ್ಕ, ನಾನು ಮೂವರೂ ಪಾತ್ರೆಯನ್ನೇ ನೋಡುತ್ತಿದ್ದೆವು. ಏನೂ ಆಗಲಿಲ್ಲ. ಒಂದು ಹನಿಯೂ ಏರಲಿಲ್ಲ. ಆಯಿ ಉಸಿರು ಬಿಟ್ಟಳು.

ಅಷ್ಟರಲ್ಲಿ ವಿವೇಕಾನಂದನ ಫೋನು ಹೊಡೆದುಕೊಂಡಿತು. ಅಂಗಡಿಯ ಮಾಣಿಕಪ್ಪ. ಬಲಗೈ ಎಂಜಲಾಗಿದ್ದರಿಂದ ಅವನು ಎಡಗೈಯಿಂದ ಸ್ಪೀಕರ್ ಒತ್ತಿ ನೆಲಕ್ಕಿಟ್ಟ.

“ಅಣ್ಣಾರ, ಬ್ಯಾಳಿ ಚೀಲ ಉಬ್ಬಾಕತ್ತಾವ್ರಿ.”

“ನೀರು ಹೊಕ್ಕದೇನು?”

“ನೀರಿಲ್ರಿ, ಬ್ಯಾಳೀನೇ. ಚೀಲ ಒಡದು ರೋಡಿಗೆ ಬಂದದ. ಮಂದಿ ಬುಟ್ಟಿ ತಗೊಂಡು ನಿಂತಾರ. ನಾ ಕುರ್ಚಿ ಮ್ಯಾಲ ನಿಂತೀನಿ.”

“ಮಾಣಿಕಪ್ಪ, ಹಗಲಿಗೇ ಕುಡದೀ ಏನು?” ಅಂದರು ದುಂಡಮ್ಮ.

“ಇಲ್ರಿ ಅವ್ವಾರ. ಬಾಜು ಅಂಗಡಿಯವರು ಬಂದು ಬೈಯಾಕತ್ತಾರ. ಹಿಂಗ ಬ್ಯಾಳಿ ಬಂದ್ರ ಗಂಜಿನ್ಯಾಗ ಭಾವ ಬೀಳ್ತದಂತ.”

ಬೇಳೆಯ ದರ ಬೀಳುತ್ತದೆ ಅಂದದ್ದೇ ದುಂಡಮ್ಮ ರೊಟ್ಟಿ ಕೆಳಗಿಟ್ಟರು.

ಹೇಗಾದರೂ ನಿಲ್ಲಿಸಬೇಕೆಂದು ನಾನು ಲವಂಗ ಉಗುಳಿ “ತೀರ್ಯಾದ” ಅಂದೆ. ಆದರೆ ಗಂಜಿನ ಆ ಅಂಗಡಿಯನ್ನು ನಾನು ನೋಡಿಯೇ ಇಲ್ಲ. ಕಣ್ಣು ಬಾಳೆಹಣ್ಣಿನ ಬುಟ್ಟಿಯ ಮೇಲಿತ್ತು. ಬುಟ್ಟಿ ಬರಿದಾಯಿತು. ಅಪ್ಪನ ಕೈಯಲ್ಲಿದ್ದ ಅರ್ಧ ಹಣ್ಣೂ ಹೋಗಿ, ಅವನು ಖಾಲಿ ಬೆರಳು ಕಚ್ಚಿಕೊಂಡ.

ದುಂಡಮ್ಮ ಆ ಬೆರಳನ್ನೇ ಬಹಳ ಹೊತ್ತು ನೋಡಿದರು. “ನಾಗಣ್ಣೋರೆ, ಇದೇನ್ರಿ ಇದು?”

“ನಮ್ಮ ತಾಯಿ ಕಡೀಂದ ಬಂದದ್ರಿ,” ಅಂದ ಅಪ್ಪ. “ಬಿ.ಪಿ. ಇದ್ದಂಗ. ಭಾಳ ಇಲ್ಲ, ಸಣ್ಣದು.”

“ಅವ್ವಾರ, ಮೊಣಕಾಲಿಗೆ ಬಂತ್ರಿ,” ಅಂದಿತು ಫೋನು.

ದುಂಡಮ್ಮ ಅಕ್ಕನ ಕಡೆ ತಿರುಗಿದರು. “ನಿನಗ ನಿಲ್ಲಸಾಕ ಬರ್ತದೇನು?”

“ಬರ್ತದ್ರಿ. ಖರೆ, ಕೆಟ್ಟ ಮಾತು ಅನ್ಬೇಕಾಗ್ತದ.”

“ಅನ್ನು.”

“ನಿಮ್ಮ ಅಂಗಡೀಗೆ ಅನ್ಬೇಕ್ರಿ. ನಿಮ್ಮ ಮುಂದ ಹೆಂಗ ಅನ್ಲಿ?”

“ನಾನೇ ಹೇಳಾಕತ್ತೀನಲ್ಲವಾ. ಅನ್ನು, ಜಲ್ದಿ ಅನ್ನು.”

ಅಕ್ಕ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಬರಿಯ ‘ತೀರ್ಯಾದ’ ಅಂದರೆ ಅಂಗಡಿಯಲ್ಲಿ ಕಾಳೂ ಉಳಿಯುವುದಿಲ್ಲ. ಸ್ವಲ್ಪ ಯೋಚಿಸಿ, ಕಣ್ಣು ಮುಚ್ಚಿ, “ಅಂಗಡ್ಯಾಗ ಹೆಚ್ಚಿಗಿ ಆದದ್ದಷ್ಟೇ ತೀರ್ಯಾದ,” ಅಂದಳು.

ಫೋನಿನೊಳಗಿನ ಗದ್ದಲ ನಿಂತಿತು. ಆಮೇಲೆ, “ನಿಂತದ್ರಿ ಅವ್ವಾರ. ಚೀಲ ಮೊದಲಿನಂಗೇ ಅವ. ಮಂದಿ ಖಾಲಿ ಬುಟ್ಟಿ ನೋಡ್ಕೋತ ನಿಂತಾರ. ನಾ ಕುರ್ಚಿ ಇಳೀಲೇನ್ರಿ?”

ದುಂಡಮ್ಮ ಎದ್ದು ಹೋಗಿ ಕೈ ತೊಳೆದರು. ಸೆರಗಿಗೆ ಒರೆಸಿದರು. ಬಂದು ಕುಳಿತವರೇ ಕೇಳಿದರು: “ನೀ ಹೆಚ್ಚಾಗ್ಯಾದ ಅನ್ನೂವಾಗ ಪಾತ್ರಿ ನಿನ್ನ ಕೈಯಾಗಿತ್ತು. ಮನಸ್ಸಿನ್ಯಾಗ ನಮ್ಮ ಅಂಗಡಿ ಯಾಕ ಬಂತು?”

ಅಕ್ಕ ನಮ್ಮೂರ ಬಾಳೆಹಣ್ಣಿಗಿಂತ ಕೆಂಪಾದಳು. ವಿವೇಕಾನಂದ ಖಾಲಿ ಬಟ್ಟಲನ್ನು ಎತ್ತಿ ಮತ್ತೆ ಕುಡಿದ.

“ಹೂಂ,” ಅಂದರು ದುಂಡಮ್ಮ. ಗದ್ದ ನಡುಗಿತು, ನಗು ತಡೆಯುತ್ತಿದ್ದರೆಂದು ಆಮೇಲೆ ತಿಳಿಯಿತು. “ಕೇಳಿಲ್ಲಿ. ನಮ್ಮ ಮನಿಗಿ ಬಂದ ಮ್ಯಾಲ ಖಾಲಿ ಆದ್ರ ಖಾಲಿ ಅನ್ನು, ತೀರಿದ್ರ ತೀರ್ಯಾದ ಅನ್ನು. ಶುಭದ ಮಾತು ನನಗ ಬಿಡು. ಭಾವ ಬಿದ್ರ ಗಂಜಿನ ಮಂದಿ ನಮಗ ಊರು ಬಿಡಸ್ತಾರ.”

“ಮಂದಿ ಏನಂತಾರ್ರಿ?” ಅಂದಳು ಅಕ್ಕ.

“ಸೊಸಿ ಬಾಯಿ ಒರಟು ಅಂತ ನಾನೇ ಊರೆಲ್ಲ ಹೇಳ್ತೀನಿ. ಮತ್ತ ಯಾರಿಗೆ ಸಂಶಯ ಬರ್ತದ?”

ಹೊರಡುವಾಗ ದುಂಡಮ್ಮ ಹೊಸ್ತಿಲ ಮೇಲೆ ನಿಂತು “ಬರ್ತೀವ್ರಿ” ಅನ್ನಲು ಹೋಗಿ, ತಡೆದು ಆಯಿಯನ್ನು ನೋಡಿದರು. “ನಾವು ಅನ್ಬಹುದಲ್ರಿ?”

“ನೀವು ಅನ್ರಿ. ನಿಮಗೇನಾಗಂಗಿಲ್ಲ.”

“ಬರ್ತೀನಿ,” ಅಂದ ವಿವೇಕಾನಂದನೂ, ಅಕ್ಕನ ಕಡೆ ನೋಡಿ. ಕಾರು ಕಲಬುರಗಿ ರಸ್ತೆ ಹಿಡಿಯಿತು.

ಎಲೆ ಅಡಿಕೆ ತಟ್ಟೆ ಎತ್ತುವಷ್ಟರಲ್ಲಿ ಅವನು ಮತ್ತೆ ಬಾಗಿಲಲ್ಲಿದ್ದ. ಫೋನು ಮರೆತಿದ್ದನಂತೆ. ಅದರೊಳಗಿಂದ ಮಾಣಿಕಪ್ಪ ಇನ್ನೂ, “ಅಣ್ಣಾರ, ಇಳೀಲೇನ್ರಿ?” ಎಂದು ಕೇಳುತ್ತಿದ್ದ. “ಬರ್ತೀನಿ” ಎಂದು ಹೋದವನು ಇನ್ನೊಮ್ಮೆ ಬಂದ, ಕರವಸ್ತ್ರ. ಮತ್ತೊಮ್ಮೆ ಬಂದಾಗ ಏನು ಮರೆತೆನೆಂದು ಅವನಿಗೇ ನೆನಪಾಗಲಿಲ್ಲ.

ಆಯಿ ಅವನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ನನ್ನ ಕಿವಿಯಲ್ಲಿ, “ಇವರ ಕಡೀಗೂ ಮಾಟ ಏನರೆ ಅದ ಏನು?” ಅಂದಳು.

“ಇಲ್ಲ ಆಯಿ,” ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆನೆಂದು ಆಮೇಲೆ ಗೊತ್ತಾಯಿತು. “ಅವರು ಸುಮ್ನ ಬರಾಕತ್ತಾರ.”