ಹೊತ್ತು ಮುಣುಗಿದ ಮ್ಯಾಲಿನ ಔಷಧ

ಮೊಮ್ಮಗಳು ಪ್ರಣಾಲಿ ನಿಪ್ಪಾಣಿಗೆ ಹೋದಾಗಿನಿಂದ ಶೇಡಬಾಳದ ತಾರಾಬಾಯಿಗೆ ಮನಿ ಅನ್ನೂದು ಬರೇ ಗ್ವಾಡಿ ಆಗಿತ್ತು. ಬೆಳಿಗ್ಗೆದ್ದು ಬಸದಿಗೆ ಹೋಗ್ತಿದ್ಲು, ಬರ್ತಿದ್ಲು, ಮಗ ಜಿನೇಂದ್ರಗ ಎರಡು ರೊಟ್ಟಿ ಬಡೀತಿದ್ಲು, ಅಷ್ಟ. ಜೋಳದ ಹಿಟ್ಟು ನಾದೂ ಮುಂದ ಒಂದು ಸಣ್ಣ ಉಂಡಿ ಬಾಜೂಕ ತಗದಿಡೂದು ಆಕಿ ಕೈಗೆ ರೂಢಿ. ಪ್ರಣಾಲಿ ಅದನ್ನ ತಟ್ಟಿ ತನ್ನ ಸೊಟ್ಟ ರೊಟ್ಟಿ ಮಾಡ್ತಿತ್ತು. ಈಗೂ ಕೈ ತಂತಾನ ಉಂಡಿ ತಗೀತಿತ್ತು. ತಗದ ಮ್ಯಾಲ ನೆನಪಾಗಿ ತಿರುಗಿ ಹಿಟ್ಟಿನಾಗ ಕಲಸ್ತಿದ್ಲು. ಐದು ವರ್ಷದ ಹುಡುಗಿ, ಇಡೀ ಮನಿ ಖಾಲಿ ಮಾಡಿ ಹೋಗಿತ್ತು ನೋಡ್ರಿ.

ಹಂಗಂತ ಯಾರನ್ನ ಬೈಯೂದು? ತಪ್ಪು ತಾರಾಬಾಯೀದ ಇತ್ತು. ಅದು ಆಕಿಗೂ ಗೊತ್ತಿತ್ತು.

ತಾರಾಬಾಯಿ ಮದುವಿ ಆದ ವರ್ಷನ ಜೈನ ಮುನಿ ಮಹಾರಾಜರ ಮುಂದ ಕೈ ಮುಗದು ನಿಯಮ ತಗೊಂಡಾಕಿ. ಹೊತ್ತು ಮುಣುಗಿದ ಮ್ಯಾಲ ಬಾಯಿಗೆ ಏನೂ ಇಲ್ಲ, ನೀರು ಸೈತ ಇಲ್ಲ. ಜ್ವರಾ ಬಂದ್ರೂ ಇಲ್ಲ, ಬಾಣಂತನದಾಗೂ ಇಲ್ಲ. ಜೈನರ ಮನ್ಯಾಗ ಇದು ಇದ್ದದ್ದ, ಆದ್ರ ಇಷ್ಟು ಗಟ್ಟಿ ಹಿಡದಾಕಿ ಊರಾಗ ಇನ್ನೊಬ್ಬಾಕಿ ಸಿಗೂದು ಕಷ್ಟ. ಹೋದ ಮಳಿಗಾಲ ಊರಿಗೆ ಚಾತುರ್ಮಾಸಕ್ಕ ಬಂದ ಮಹಾರಾಜರ ಮುಂದ ಪ್ರಣಾಲಿನೂ ಆಜಿ ಬಾಜೂಕ ಕುಂತು ಕೈ ಮುಗದು, ನಾನೂ ಆಜಿ ಹಂಗ ಅಂತು. ಮಹಾರಾಜರು ನಕ್ಕು, ಸಣ್ಣ ಕೂಸಿಗೆ ಬ್ಯಾಡವಾ ಅಂದ್ರು. ಕೂಸು ಕೇಳ್ಲಿಲ್ಲ. ತಾರಾಬಾಯಿನೂ ಬ್ಯಾಡ ಅನ್ಲಿಲ್ಲ. ಅನ್ನೂದೆಲ್ಲಿ ಬಂತು, ಓಣಿ ತುಂಬ ಹೇಳಕೋತ ತಿರುಗಾಡಿದ್ಲು.

ಅದರ ಹಿಂದನ ಹುಡುಗಿಗೆ ಫಿಟ್ಸ್ ಬರಾಕ ಚಾಲೂ ಆತು. ಚಿಕ್ಕೋಡಿಯ ಮಕ್ಕಳ ಡಾಕ್ಟರು ತೂಕಾ ಮಾಡಿ ನೋಡಿ, ಆ ತೂಕಕ್ಕ ಎಷ್ಟೋ ಅಷ್ಟ ಸಿರಪ್ ಬರದು ಕೊಟ್ರು. ಬೆಳಿಗ್ಗಿ, ಮಧ್ಯಾಹ್ನ, ರಾತ್ರಿ ಮಲಗೂ ಮುಂದ. ಸೊಸಿ ಮನಿಷಾ ಕಾಗವಾಡದಾಗ ಬ್ಯಾಂಕಿನ ಕೆಲಸಕ್ಕ ಹೋಗಿ ಕತ್ತಲಾದ ಮ್ಯಾಲ ಬರಾಕಿ, ಹಿಂಗಾಗಿ ಕೂಸಿನ ಊಟ, ಔಷಧ ಎಲ್ಲಾ ಅತ್ತಿ ಕೈಯಾಗ. ತಾರಾಬಾಯಿ ರಾತ್ರಿ ಔಷಧಾನ ಸಂಜಿ ಊಟದ ಜೋಡಿ, ಹೊತ್ತು ಮುಣುಗೂ ಮೊದಲ ಕುಡಿಸಿ ಬಿಡ್ತಿದ್ಲು. ದಿನಕ್ಕ ಮೂರು ಸಲ ಹೊಟ್ಟಿಗೆ ಹೋತಿಲ್ಲೋ, ಆತಪ್ಪ ಅಂತ ಆಕಿ ತಿಳುವಳಿಕಿ. ಒಂದು ಸಲನೂ ತಪ್ಪಿಸಿದಾಕಿ ಅಲ್ಲ.

ಆದ್ರ ಫಿಟ್ಸ್ ನಿಲ್ಲವಲ್ದು. ಬಂದ್ರ ನಸುಕಿನ್ಯಾಗ ಬರ್ತಿತ್ತು. ಡಾಕ್ಟರು ಡೋಸ್ ಏರಿಸಿದ್ರು. ಸಂಜಿ ಹುಡುಗಿ ತೂಕಡಿಸಿ ತಾಟಿನ ಮ್ಯಾಲ ಬೀಳೂದು, ನಸುಕಿನ್ಯಾಗ ಮತ್ತ ಕೈಕಾಲು ಸೆಟಸೂದು. ಒಂದಿನ ಬಂದ ಫಿಟ್ಸ್ ಲಗೂನ ಬಿಡ್ಲೇ ಇಲ್ಲ. ಗಾಡಿ ಮಾಡಿ ಚಿಕ್ಕೋಡಿಗೆ ಒಯ್ದು ಅಡ್ಮಿಟ್ ಮಾಡಿದ್ರು.

ವಾರ್ಡಿನ್ಯಾಗ ನರ್ಸ್‌ಬಾಯಿ ಸೂಜಿ ಇಲ್ಲದ ಸಿರಿಂಜಿನ್ಯಾಗ ಔಷಧ ಎಳದು, ರಾತ್ರಿ ನಿದ್ದಿಗಣ್ಣಾಗಿದ್ದ ಕೂಸಿನ ಬಾಯಾಗ ಮೆಲ್ಲಕ ಬಿಡ್ತಿದ್ಲು. ನಸುಕು ಹರೀತು, ಫಿಟ್ಸ್ ಬರ್ಲಿಲ್ಲ. ಮರುದಿನಾನೂ ಬರ್ಲಿಲ್ಲ. ಡಾಕ್ಟರು ವಿಚಾರಕ್ಕ ಬಿದ್ರು. ಅದ ಔಷಧ, ಅಷ್ಟ ಡೋಸ್, ಇಲ್ಲಿ ಹತೋಟಿಗೆ ಬಂದದ್ದು ಮನ್ಯಾಗ ಯಾಕ ಬರವಲ್ದು? ಯಾವ ಯಾವ ಹೊತ್ತಿಗೆ ಕೊಡ್ತೀರಿ ಅಂತ ಕೇಳಿದ್ರು. ನೀವು ಹೇಳಿದ ಹೊತ್ತಿಗೇ ರೀ ಅಂದ್ಲು ಮನಿಷಾ. ಹಂಗಿದ್ರ ಇನ್ನೊಂದು ಔಷಧ ಜೋಡಸಬೇಕಾಗ್ತೈತಿ, ಅದು ಜರಾ ಕಡಕ್ ಐತಿ, ಆಗಾಗ ರಕ್ತಾ ತಪಾಸ್ ಮಾಡಿ ನೋಡಬೇಕಾಗ್ತೈತಿ ಅಂತ ಡಾಕ್ಟರು ಪೆನ್ ತಗದ್ರು.

ಖರೇ ಹೇಳಿದ್ರ ಈ ಕೂಸು ಇನ್ನ ತನ್ನ ಕೈಗೆ ಸಿಗೂದಿಲ್ಲ ಅನ್ನೂದು ತಾರಾಬಾಯಿಗೆ ನಿಂತ ಜಾಗಾದಾಗನ ತಿಳೀತು. ಹೇಳದಿದ್ರ ಆ ಸಣ್ಣ ಹೊಟ್ಟಿಗೆ ಬ್ಯಾಡಾದ ಔಷಧ ಇನ್ನೊಂದು.

"ಬರೀಬ್ಯಾಡ್ರಿ ಸಾಹೇಬ್ರ," ಅಂದ್ಲು. "ರಾತ್ರೀದು ನಾ ಹೊತ್ತು ಮುಣುಗೂ ಮೊದಲ ಕೊಟ್ಟೇನ್ರಿ. ದಿನಾ."

ಡಾಕ್ಟರು ಬೈಲಿಲ್ಲ. ಮಧ್ಯಾಹ್ನದ್ದು, ರಾತ್ರೀದು ಎರಡೂ ಡೋಸ್ ಹತ್ತರ ಹತ್ತರ ಬಿದ್ದು ಕೂಸು ಸಂಜಿ ತೂಕಡಸ್ತಿತ್ತು, ರಾತ್ರಿಯೆಲ್ಲಾ ಇಳಕೋತ ಹೋಗಿ ನಸುಕಿಗೆ ಮೈಯಾಗ ಔಷಧ ಸಾಲತಿರ್ಲಿಲ್ಲ ಅಂತ ತಿಳಿಸಿ ಹೇಳಿ, ಪೆನ್ ಕಿಸೆಕ್ಕ ಹಾಕಿದ್ರು. ಮನಿಷಾನೂ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಡಿಸ್ಚಾರ್ಜ್ ಆದ ದಿನ ದವಾಖಾನಿ ಬಾಗಲದಿಂದನ ಮಗಳನ್ನ ಕರಕೊಂಡು ನಿಪ್ಪಾಣಿಗೆ, ತನ್ನ ತವರಿಗೆ ಹೋದ್ಲು. ರಜಾ ಹಾಕೇನಿ, ಆರಾಮ ಆಗೂ ತನಕ ನಾನ ನೋಡಕೋತೇನಿ ಅಂತ ಗಂಡಗ ಹೇಳಿದ್ಲು, ಅತ್ತಿ ಮಾರಿ ನೋಡ್ಲಿಲ್ಲ. ಕೂಸು ಗಾಡಿ ಕಿಡಿಕ್ಯಾಗಿಂದ ಕೈ ಚಾಚಿ ಆಜೀ ಅಂತ ಅಳಾಕತ್ತಿತ್ತು.

ಜಿನೇಂದ್ರ ಆಗಾಗ ಹೋಗಿ ಬರ್ತಿದ್ದ. ಅವ ಬರೂದಿದ್ದ ದಿನ ತಾರಾಬಾಯಿ ಮನಿ ಮುಂದಿನ ಕಟ್ಟಿ ಬಿಟ್ಟು ಏಳ್ತಿರ್ಲಿಲ್ಲ. ಏನಂದ್ಲು, ಏನುಂಡ್ಲು, ಬಡಕ ಆಗ್ಯಾಳೇನು ಅಂತ ಕೇಳಿದ್ದ ಕೇಳಿ ಅವನ ಜೀವಾ ತಿಂತಿದ್ಲು. ನನ್ನ ನೆನಸ್ತಾಳೇನು ಅಂತ ಮಾತ್ರ ಕೇಳ್ತಿರ್ಲಿಲ್ಲ. ಇಲ್ಲ ಅಂದ್ರ ತಡಕೊಳ್ಳೂ ಶಕ್ತಿ ಇರ್ಲಿಲ್ಲ, ಹೌದು ಅಂದ್ರನೂ ಇರ್ಲಿಲ್ಲ.

ಹಿಂಗಿರೂ ಮುಂದ ಒಂದು ಮಧ್ಯಾಹ್ನ ಮನಿಷಾನ ಫೋನ್ ಬಂತು. ಧ್ವನಿ ಸೋತಿತ್ತು. ಮೊದಲ ನಿದ್ದಿಗಣ್ಣಾಗ ಕುಡೀತಿದ್ದ ಹುಡುಗಿ, ಈಗ ಮೈಯಾಗ ಕಸುವು ಬಂದು ಎಚ್ಚರ ಇರ್ತೈತಿ, ರಾತ್ರಿ ಔಷಧಕ್ಕ ಹಲ್ಲು ಕಚ್ಚಿ ಕುಂದರ್ತೈತಿ. ಒತ್ತಾಯ ಮಾಡಿ ಹಾಕಿದ್ರ ಉಗಳ್ತೈತಿ. ಉಗುಳಿದ್ದೆಷ್ಟು, ನುಂಗಿದ್ದೆಷ್ಟು ತಿಳೀವಲ್ದು, ತಿರುಗಿ ಹಾಕಾಕ ಅಂಜಿಕಿ. ಹೊತ್ತು ಮುಣುಗೇತಿ, ಆಜಿ ತಗೊಳಂಗಿಲ್ಲ, ನಾನೂ ತಗೊಳಂಗಿಲ್ಲ ಅಂತ ಒಂದ ಹಟ. ಅವತ್ತ ನಸುಕಿನ್ಯಾಗ ಮತ್ತ ಫಿಟ್ಸ್ ಬಂದಿತ್ತು.

"ನೀವು ಬರ್ರಿ ಅತ್ಯಾರ," ಅಂದ್ಲು ಮನಿಷಾ. "ನನ್ನ ಕೈಲೆ ಆಗವಲ್ದು."

ತಾರಾಬಾಯಿ ಉಟ್ಟ ಸೀರಿ ಮ್ಯಾಲನ ಬಸ್ ಹತ್ತಿದ್ಲು. ಅಂಕಲಿ ದಾಟಿ, ಚಿಕ್ಕೋಡಿಯಾಗ ಬಸ್ ಬದಲಿಸಿ ನಿಪ್ಪಾಣಿ ಮುಟ್ಟೂದ್ರಾಗ ದೀಪ ಹತ್ತಿದ್ದವು. ಬಾಗಲದಾಗ ಕಾಲಿಡೂದ ತಡ, ಪ್ರಣಾಲಿ ಓಡಿ ಬಂದು ಸೊಂಟಕ್ಕ ಗಂಟು ಬಿತ್ತು. ತಾರಾಬಾಯಿ ಅಲ್ಲೇ ಹೊಚ್ಚಲ ಮ್ಯಾಲ ಕುಂತು ಕೂಸಿನ ನೆತ್ತಿಗೆ ಮಾರಿ ಒತ್ತಿದ್ಲು. ಎಷ್ಟು ದಿನದ ಹಸಿವಿ ಅದು. ಅಳೂದು ಬ್ಯಾಡ ಅಂದ್ರೂ ಅಳು ಬಂದ ಬಂತು.

ಔಷಧದ ಹೊತ್ತಾತು. ಮನಿಷಾ ಸಿರಿಂಜ್ ತುಂಬಿ ತಂದು ಅತ್ತಿ ಕೈಯಾಗ ಕೊಟ್ಟು ಹಿಂದ ಸರದು ನಿಂತ್ಲು. ಹುಡುಗಿ ತುಟಿ ಬಿಗಿ ಹಿಡೀತು. ಔಷಧ ಊಟ ಅಲ್ಲವಾ, ಜಡ್ಡಿದ್ದವ್ರಿಗೆ ನಿಯಮ ಇಲ್ಲ, ಮಹಾರಾಜರೂ ಬ್ಯಾಡ ಅಂದಿದ್ರಲ್ಲ ಅಂತ ತಾರಾಬಾಯಿ ನಾನಾ ನಮೂನಿ ಹೇಳಿದ್ಲು. ಎಲ್ಲಾ ಖರೇನ. ಆದ್ರ ಕೂಸು ನಿಯಮ ತಗೊಂಡದ್ದು ಮಹಾರಾಜರ ಕಡಿಂದ ಅಲ್ಲ, ಆಜಿ ಕಡಿಂದ.

"ನೀ ಜಡ್ಡಿದ್ದಾಗೂ ತಗೊಳಂಗಿಲ್ಲ," ಅಂತು. "ನೀ ನೀರು ಕುಡಿ. ಆಮ್ಯಾಲ ನಾ ಔಷಧ ಕುಡೀತೇನಿ."

ಹಂಗೆಲ್ಲಾ ಅನಬಾರದು ಅಂತ ಮನಿಷಾ ಗಾಬರ್ಯಾಗಿ ಮುಂದ ಬಂದ್ಲು. ಅತ್ತಿ ನಿಯಮ ಎಂಥಾದ್ದು ಅನ್ನೂದು ಆಕಿ ಕಣ್ಣಾರೆ ಕಂಡಿದ್ಲು. ಮಾವ ತೀರಿಕೊಂಡ ರಾತ್ರಿ ಅತ್ತು ಅತ್ತು ಗಂಟಲ ಕಟ್ಟಿದಾಕಿಗೆ ಮಂದಿ ನೀರು ಹಿಡದಿದ್ರು, ತಾರಾಬಾಯಿ ತುಟಿಗೆ ಹಚ್ಚಿರ್ಲಿಲ್ಲ.

ತಾರಾಬಾಯಿ ಒಂದು ವಾಟಗಾ ನೀರು ತಾ ಅಂದ್ಲು. ಮನಿಷಾ ನಿಂತಲ್ಲೇ ನಿಂತ್ಲು. ಅತ್ತಿ ಇನ್ನೊಮ್ಮೆ ತಾ ಅಂದ ಮ್ಯಾಲ ತಂದು ಕೊಟ್ಲು. ತಾರಾಬಾಯಿ ಕಣ್ಣು ಮುಚ್ಚಿ ಒಮ್ಮೆ ಣಮೋಕಾರ ಮಂತ್ರ ಅಂದು, ನೀರು ಬಾಯಿಗೆ ಹಾಕ್ಕೊಂಡ್ಲು. ಗಂಟಲದಾಗ ಇಳೀವಲ್ದು. ಹುಡುಗಿ ಕಣ್ಣು ಪಿಳುಕಿಸದ ನೋಡಾಕತ್ತಿತ್ತು. ಕಡೀಕ ಗಟಕ್ ಅಂತ ನುಂಗಿ, ನೋಡವಾ ಅಂತ ಬಾಯಿ ತಗದು ತೋರಿಸಿದ್ಲು.

ಪ್ರಣಾಲಿ ಬಾಯಿ ತಗೀತು. ಔಷಧ ಪೂರಾ ಒಳಗ ಹೋತು.

ಮನಿಷಾ ಕಣ್ಣೊರಸಿಕೊಂಡು ಹೋಗಿ ಇಬ್ಬರಿಗೂ ಕೂಡೇ ಹಾಸಿಗಿ ಹಾಸಿದ್ಲು. ಹುಡುಗಿ ಆಜಿ ತೊಡಿ ಮ್ಯಾಲ ತಲಿ ಇಟ್ಟು ಮಲಗಿತ್ತು, ಆದ್ರ ನಿದ್ದಿ ಹತ್ತಿರ್ಲಿಲ್ಲ. ಅದಕ್ಕ ಒಂದು ಸಂಶೆ ಉಳದಿತ್ತು.

"ಆಜಿ, ನಾಳಿ?"

ಈ ಔಷಧ ವರ್ಷಗಟ್ಟಲೆ ಬಿಡಬಾರದು ಅಂತ ಡಾಕ್ಟರು ಹೇಳಿದ್ದು ತಾರಾಬಾಯಿಗೆ ನೆನಪಿತ್ತು.

"ನಾಳಿನೂ ಕುಡೀತೇನಿ," ಅಂದ್ಲು. "ನೀ ಎಲ್ಲೀ ತನಕ ಕುಡೀತಿಯೋ ಅಲ್ಲೀ ತನಕ."