ಮೇಸ್ತ್ರಿ ಮಗಳ ಹೊಸ ಕಾರು

ಬೋಲ್ಟು ಆ ಮಾತು ಎತ್ತಿದಾಗ ಅವಳಪ್ಪ ಒಂದು ಕಾರಿನ ಹೊಟ್ಟೆಯಡಿ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಮುಖ ನೋಡಿಕೊಂಡು ಹೇಳುವುದಕ್ಕಿಂತ ಕಾಲು ನೋಡಿಕೊಂಡು ಹೇಳುವುದು ಸುಲಭ ಎಂದು ಅವಳು ಬೇಕೆಂದೇ ಆ ಹೊತ್ತು ನೋಡಿ ಬಂದಿದ್ದಳು.

"ಅಪ್ಪಾ, ನಾನು ಹೊಸ ಕಾರು ತಗೋತಿದೀನಿ."

ಕಾಲುಗಳು ಅಲುಗಾಡುವುದನ್ನು ನಿಲ್ಲಿಸಿದವು. ಒಳಗಿನಿಂದ ದನಿ ಬಂತು. "ಹೊಸದು ಅಂದ್ರೆ? ನಮಗೆ ಹೊಸದೋ, ಲೋಕಕ್ಕೇ ಹೊಸದೋ?"

"ಲೋಕಕ್ಕೇ ಹೊಸದು. ಶೋರೂಮಿಂದ."

ಸ್ಪ್ಯಾನರು ನೆಲಕ್ಕೆ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಅಪ್ಪನ ಹಣೆ ಯಾವುದಕ್ಕೋ ಬಡಿದ ಸದ್ದೂ ಆಯಿತು.

ಬೋಲ್ಟು ಎಂದರೆ ಹೆತ್ತವರು ಇಟ್ಟ ಹೆಸರಲ್ಲ. ಎರಡು ವರ್ಷದವಳಿದ್ದಾಗ ಅಪ್ಪನ ಗಾಡಿ ರಿಪೇರಿ ಶೆಡ್ಡಿನ ನೆಲದಲ್ಲಿ ಬಿದ್ದಿದ್ದ ಒಂದು ಬೋಲ್ಟನ್ನು ಗುಳುಂ ಎಂದು ನುಂಗಿದ್ದಳು. ಮೂರು ದಿನ ಮನೆಮಂದಿಯೆಲ್ಲ ಬೇರೆ ಕೆಲಸ ಬಿಟ್ಟು ಅದರ ದಾರಿ ಕಾದರು. ಬಂತು. ಊರೆಲ್ಲ ಮೇಸ್ತ್ರಿ ಎಂದೇ ಕರೆಯುವ ಅವಳಪ್ಪ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಅದೇ ವಾರ ಒಬ್ಬ ಗಿರಾಕಿಯ ಗಾಡಿಗೆ ಹಾಕಿ ಬಿಗಿದ. ಇದು ಕಟ್ಟುಕತೆಯಲ್ಲ, ಅವನೇ ಎದೆ ತಟ್ಟಿಕೊಂಡು ಹೇಳುತ್ತಾನೆ. ಆ ಮನೆಯಲ್ಲಿ ಯಾವುದನ್ನೂ ಬಿಸಾಡುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಬಿಸಾಡದ ಮೇಲೆ ಆ ವಸ್ತುಗಳು ಹೇಗಿದ್ದಾವು? ಬಚ್ಚಲಿನ ನಲ್ಲಿಯನ್ನು ಪೂರಾ ಎಡಕ್ಕೆ ತಿರುಗಿಸಿ, ಕೂದಲೆಳೆಯಷ್ಟು ಬಲಕ್ಕೆ ತಂದು, ಒಂದು ಏಟು ಕೊಡಬೇಕು. ಫ್ಯಾನಿಗೆ ಪೊರಕೆಯ ಹಿಡಿಯಿಂದ ಮೊದಲ ಸುತ್ತು ಹಾಕಿಸಿಕೊಡಬೇಕು. ಫ್ರಿಜ್ಜಿನ ಬಾಗಿಲಿಗೆ ಅಮ್ಮ ಸೊಂಟದಿಂದ ಒಂದು ಕೊಟ್ಟರೆ ಮಾತ್ರ ಮುಚ್ಚಿಕೊಳ್ಳುತ್ತದೆ, ಬೇರೆ ಯಾರ ಸೊಂಟಕ್ಕೂ ಜಗ್ಗುವುದಿಲ್ಲ. ಬಂದ ನೆಂಟರು ಮುಖಕ್ಕೆ ಸೋಪು ಹಚ್ಚಿಕೊಂಡು ಬಚ್ಚಲಿನಿಂದ ಕೂಗುವುದು, ಚಿಕ್ಕಪ್ಪ ಹೊರಗೆ ನಿಂತು "ಎಡಕ್ಕೆ! ಇನ್ನೂ ಎಡಕ್ಕೆ! ಈಗ ಗುದ್ದಿ!" ಎನ್ನುವುದು, ಇದೆಲ್ಲ ಮಾಮೂಲು. ಎಲ್ಲದಕ್ಕೂ ಒಂದೇ ಮಾತು: "ಅದಕ್ಕೊಂದು ಟ್ರಿಕ್ಕಿದೆ." ಮನೆಯವರು ಎಂದರೆ ಟ್ರಿಕ್ಕು ಗೊತ್ತಿರುವವರು, ಅಷ್ಟೇ.

ಬೋಲ್ಟುಗೆ ಈಗ ಇಪ್ಪತ್ತಾರು. ಫಿಸಿಯೋಥೆರಪಿ ಓದಿದ್ದಾಳೆ. ಸೊಂಟ ಮುರಿದವರು, ಪಾರ್ಶ್ವ ಹೊಡೆದವರು, ಮಂಡಿ ಆಪರೇಷನ್ ಆದವರು, ಇಂಥವರ ಮನೆಮನೆಗೆ ಹೋಗಿ ಕೈಕಾಲು ಆಡಿಸಿ, ಎಬ್ಬಿಸಿ ನಡೆಸುವುದು ಅವಳ ಕೆಲಸ. ದಿನಕ್ಕೆ ಏಳೆಂಟು ಮನೆ. ಓಡಾಟಕ್ಕೆಂದು ಅಪ್ಪ ಕೊಟ್ಟಿದ್ದ ಕಾರು ಮೂರು ಕಾರುಗಳ ಭಾಗ ಸೇರಿ ಆದದ್ದು. ಅಣ್ಣ ಅದಕ್ಕೆ 'ಸಮ್ಮಿಶ್ರ ಸರ್ಕಾರ' ಎಂದು ಹೆಸರಿಟ್ಟಿದ್ದ. ಯಾವಾಗ ಬೀಳುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಇಳಿಜಾರು ನೋಡಿ ನಿಲ್ಲಿಸಬೇಕು, ಕಿಟಕಿಯ ಗಾಜನ್ನು ಎರಡೂ ಅಂಗೈಯಲ್ಲಿ ಒತ್ತಿ ಏರಿಸಬೇಕು, ಬಲಕ್ಕೆ ತಿರುಗುವ ಮೊದಲು ರೇಡಿಯೋ ಆರಿಸಬೇಕು. ನಾಲ್ಕು ವರ್ಷ ಓಡಿಸಿದಳು. ಹೋದ ತಿಂಗಳು ಅದು ಕೊನೆಗೂ ಬಿತ್ತು, ಮೇಸ್ತ್ರಿಯೇ ಕೈಚೆಲ್ಲಿದ.

ಅದಕ್ಕೇ ಈ ಮಾತು.

ಮೇಸ್ತ್ರಿ ಹಣೆ ಉಜ್ಜಿಕೊಳ್ಳುತ್ತ ಹೊರಗೆ ಜಾರಿ ಬಂದ. ಡೆಂಟು ಎಬ್ಬಿಸುತ್ತಿದ್ದ ಅಣ್ಣ ಸುತ್ತಿಗೆ ಕೆಳಗಿಟ್ಟ. ವೈರಿಂಗು ನೋಡಿಕೊಳ್ಳುವ ಚಿಕ್ಕಪ್ಪ ಬಾಯಲ್ಲಿ ಕಚ್ಚಿಕೊಂಡಿದ್ದ ತಂತಿಯನ್ನು ತೆಗೆಯುವುದನ್ನೇ ಮರೆತ.

"ಏನಮ್ಮಾ ತಾಯಿ, ಬಿಸಿಲಿಗೇನಾದ್ರೂ ತಲೆ ಕೆಟ್ಟಿದೆಯಾ?" ಎಂದ ಅಪ್ಪ. "ಮೇಸ್ತ್ರಿ ಮಗಳು ಶೋರೂಮಿಗೆ ಹೋಗೋದಾ? ಬೋರ್ಡು ಕಿತ್ತು ಮನೇಲಿ ಕೂತ್ಕೋಬೇಕು ನಾನು."

"ದುಡ್ಡು ನಂದು ಅಪ್ಪ. ನಿನ್ನ ಹತ್ರ ಕೇಳ್ತಿಲ್ಲ."

"ದುಡ್ಡಿನ ಮಾತು ಯಾವನಾಡಿದ? ನಾಳೆ ಗಿರಾಕಿ ಬಂದು, 'ಏನ್ ಮೇಸ್ತ್ರಿ, ನಿನ್ನ ಮಗಳಿಗೇ ನಿನ್ನ ಕೈ ಮೇಲೆ ನಂಬಿಕೆ ಇಲ್ವಂತೆ' ಅಂದ್ರೆ ಏನ್ ಹೇಳ್ಲಿ? ಮೂವತ್ತೆಂಟು ವರ್ಷ ಈ ಕೈ ತಿಂದ ಗ್ರೀಸು ಸುಳ್ಳಾ?"

ಆ ಮಾತು ಅವಳಿಗೆ ನಾಟಲಿಲ್ಲ ಎಂದಲ್ಲ. ಅಪ್ಪನ ಕೈ ಎಂಥದ್ದು ಎಂದು ಅವಳಿಗೂ ಗೊತ್ತು. ಆದರೂ ಬಗ್ಗಲಿಲ್ಲ. "ನಿನ್ನ ಕೈ ಮಾತಲ್ಲ. ಜನ್ಮದಲ್ಲಿ ಒಂದೇ ಒಂದು ವಸ್ತು ಬೇಕು ನಂಗೆ, ಟ್ರಿಕ್ಕಿಲ್ಲದ್ದು. ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗ್ಬೇಕು. ಬಾಗಿಲು ಎಳೆದ್ರೆ ತೆಗೀಬೇಕು. ಅದರ ಮನಸ್ಸು ನೋಡ್ಕೊಂಡು ನಾನು ನಡೀಬಾರದು."

"ಮದುವೇನೂ ಹಾಗೇ ಆಗ್ತೀಯಾ?" ಎಂದು ಅಣ್ಣ ಕಿಸಕ್ಕೆಂದ.

"ನೀನು ಸುಮ್ಮನಿರೋ. ಅತ್ತಿಗೆ ನಿನ್ನ ಸ್ಟಾರ್ಟ್ ಮಾಡೋಕೆ ಎಷ್ಟು ಒದೀತಾಳೆ ಅಂತ ನಂಗೊತ್ತು."

ಚಿಕ್ಕಪ್ಪ ತಂತಿ ಉಗಿದು ನಕ್ಕ. ಮೇಸ್ತ್ರಿ ನಗಲಿಲ್ಲ. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಪಂದ್ಯ ಒಡ್ಡಿದ. "ಮೂರು ವಾರ ಕೊಡು. ಒಂದು ಗಾಡಿ ಕಟ್ಟಿಕೊಡ್ತೀನಿ. ಏಳು ದಿನ ಓಡಿಸು. ಅದರಲ್ಲಿ ಒಂದೇ ಒಂದು ಟ್ರಿಕ್ಕು ಹುಡುಕಿ ತೋರ್ಸು, ಶೋರೂಮಿಗೆ ನಾನೇ ಕರ್ಕೊಂಡು ಹೋಗ್ತೀನಿ. ತೋರ್ಸಕ್ಕೆ ಆಗ್ಲಿಲ್ವಾ, ಹೊಸ ಕಾರಿನ ಸುದ್ದಿ ಈ ಶೆಡ್ಡಲ್ಲಿ ಎತ್ತಕೂಡದು."

"ಆಯ್ತು," ಎಂದಳು ಬೋಲ್ಟು. ಒಂದಲ್ಲ ಹತ್ತು ಸಿಗುತ್ತವೆ ಎಂಬ ಧೈರ್ಯ.

ಮೂರು ವಾರ ಶೆಡ್ಡಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಹನ್ನೊಂದು ವರ್ಷದ ಒಂದು ಗಾಡಿಯನ್ನು ತಂದು ಎಲುಬು ಎಲುಬು ಬಿಡಿಸಿದರು. ಮೇಸ್ತ್ರಿ ಇಂಜಿನ್ ಇಳಿಸಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೊತ್ತಿಕೊಂಡು ಗಂಟೆಗಟ್ಟಲೆ ಕೇಳಿದ. ಮಾತಾಡಿಸಿದವರನ್ನೆಲ್ಲ ಕೈಯೆತ್ತಿ ಸುಮ್ಮನಿರಿಸಿದ. ಅಣ್ಣ ಮೈಮೇಲಿನ ಒಂದೊಂದು ತಗ್ಗನ್ನೂ ಬೆರಳಿಂದ ಸವರಿ ಎಬ್ಬಿಸಿದ. ಚಿಕ್ಕಪ್ಪ ವೈರಿಂಗು ಪೂರ್ತಿ ಬದಲಾಯಿಸಿದ, ಅದೂ ಆ ಮನೆಯಲ್ಲಿ ಯಾರೂ ಕಂಡು ಕೇಳರಿಯದಂತೆ ಅಂಗಡಿಯಿಂದ ಹೊಸ ತಂತಿ ತಂದು!

ಗಾಡಿ ಕೈಗೆ ಬಂದಾಗ ಬೋಲ್ಟುಗೆ ಒಳಗೊಳಗೇ ದಿಗಿಲಾಯಿತು. ಚೆಂದವಿತ್ತು. ಮೊದಲ ದಿನ ಎಂಟು ಮನೆ ಸುತ್ತಿದಳು, ಒಂದು ಕೆಮ್ಮಿಲ್ಲ. ಎರಡನೇ ದಿನ ಬೇಕೆಂದೇ ಏರಿನಲ್ಲಿ ನಿಲ್ಲಿಸಿದಳು, ಹತ್ತಿತು. ಮೂರನೇ ದಿನ ಕಿಟಕಿಗಳನ್ನು ಇಪ್ಪತ್ತು ಸಲ ಇಳಿಸಿ ಏರಿಸಿದಳು. ಪಕ್ಕದಲ್ಲಿ ನಿಂತಿದ್ದ ಸ್ಕೂಟರಿನವನು ತನ್ನನ್ನೇ ಕರೆಯುತ್ತಿದ್ದಾಳೆಂದು ತಿಳಿದು ಹಲ್ಲು ಕಿರಿದ. ನಾಲ್ಕು, ಐದು, ಆರು. ಏನೂ ಇಲ್ಲ. ಸಂಜೆ ಬಂದಾಗಲೆಲ್ಲ ಅಣ್ಣ ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತು, "ಸಿಕ್ತಾ ಮೇಡಂ? ಲೈಟ್ ಹಾಕ್ಲಾ, ಹುಡುಕ್ತೀರಾ?" ಎನ್ನುತ್ತಿದ್ದ. ಅವಳು ಹಲ್ಲು ಕಚ್ಚಿ ಒಳಗೆ ಹೋಗುತ್ತಿದ್ದಳು. ಸೋಲು ಹತ್ತಿರ ಬಂದು ಕೂತಿತ್ತು.

ಏಳನೇ ದಿನ ಬೆಳಗಿನ ಎರಡನೇ ಮನೆ. ಅಲ್ಲಿದ್ದದ್ದು ಸೊಂಟ ಮುರಿದು ಮಲಗಿದ್ದ ಒಬ್ಬ ರಿಟೈರಾದ ಟೀಚರಮ್ಮ. ಆರು ವಾರದ ಮೇಲೆ ಅವತ್ತು ಮೊದಲ ಸಲ ವಾಕರ್ ಹಿಡಿದು ಎದ್ದು ನಿಂತಿದ್ದರು. ಬೋಲ್ಟು ಅವರ ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆಗ ಹೊರಗೆ ಹಾರ್ನ್ ಶುರುವಾಯಿತು. ನೀರಿನ ಟ್ಯಾಂಕರು. ಅವಳ ಕಾರು ದಾರಿಗೆ ಅಡ್ಡ.

"ಅಕ್ಕಾ, ನನ್ನ ಬ್ಯಾಗಲ್ಲಿ ಕೀ ಇದೆ, ಸ್ವಲ್ಪ ಗಾಡಿ ತೆಗೀತೀರಾ? ಇವರನ್ನ ಬಿಡೋಹಾಗಿಲ್ಲ," ಎಂದಳು ಟೀಚರಮ್ಮನ ಸೊಸೆಗೆ. ಆ ಸೊಸೆ ದಿನಾ ಆಫೀಸಿಗೆ ಕಾರು ಓಡಿಸಿಕೊಂಡು ಹೋಗುವವಳು.

ಸೊಸೆ ಹೋದಳು. ಹಾರ್ನ್ ನಿಲ್ಲಲಿಲ್ಲ. ಐದು ನಿಮಿಷದ ಮೇಲೆ ಕೆಂಪು ಮುಖ ಮಾಡಿಕೊಂಡು ವಾಪಸ್ ಬಂದಳು. "ಡಾಕ್ಟ್ರೇ, ಬಾಗಿಲು ತೆಗೆಯೋಕೇ ಎರಡು ನಿಮಿಷ ಆಯ್ತು. ಇನ್ನು ಗಾಡಿ, ಸ್ಟಾರ್ಟೇ ಆಗಲ್ಲ ಅಂತಿದೆ. ಟ್ಯಾಂಕರಿನವನು ಬೈತಿದಾನೆ."

"ನಾನು ಡಾಕ್ಟರಲ್ಲ ಅಕ್ಕ," ಎಂದಳು ಬೋಲ್ಟು ಎಂದಿನಂತೆ. ಟೀಚರಮ್ಮನನ್ನು ಜೋಪಾನವಾಗಿ ಕೂರಿಸಿ ಹೊರಗೆ ಓಡಿದಳು. ಬಾಗಿಲು ತೆಗೆದಳು, ಕೂತಳು, ಕೀ ತಿರುಗಿಸಿದಳು. ಗಾಡಿ ಹೂವೆತ್ತಿದಂತೆ ಸ್ಟಾರ್ಟ್ ಆಯಿತು.

"ನೀವೇನೋ ಮಾಡಿದ್ರಿ," ಎಂದಳು ಹಿಂದೆಯೇ ಬಂದ ಸೊಸೆ.

"ಏನ್ ಮಾಡ್ದೆ? ಏನೂ ಮಾಡ್ಲಿಲ್ಲ."

"ಅಯ್ಯೋ, ನಾನು ಕಣ್ಣಾರೆ ನೋಡಿದೆ! ಹಿಡಿ ಎಳೆಯೋ ಮುಂಚೆ ಬಾಗಿಲನ್ನ ಮೇಲಕ್ಕೆತ್ತಿದ್ರಿ. ಕೀ ಅರ್ಧ ತಿರುಗಿಸಿ ಏನೋ ಕೇಳಿಸ್ಕೊಂಡ್ರಿ. ಆಮೇಲೆ ಮಂಡಿಯಿಂದ ಸ್ಟೀರಿಂಗ್ ಕೆಳಗೆ ಒಂದು ಒತ್ತಿದ್ರಿ. ಅದಾದ್ಮೇಲೆ ಪೂರ್ತಿ ತಿರುಗಿಸಿದ್ರಿ."

ಬೋಲ್ಟು ತನ್ನ ಮಂಡಿಯನ್ನೇ ನೋಡಿದಳು. ಅದು ಇನ್ನೂ ಅಲ್ಲೇ ಒತ್ತಿಕೊಂಡಿತ್ತು.

ವರ್ಷಗಟ್ಟಲೆ ಕುಂಟಿದವರಿಗೆ ತಾವು ಕುಂಟುತ್ತೇವೆ ಎಂಬುದೇ ಗೊತ್ತಿರುವುದಿಲ್ಲ. 'ನಾನು ನೆಟ್ಟಗೇ ನಡೀತೀನಲ್ಲ' ಎಂದು ಜಗಳಕ್ಕೇ ಬರುತ್ತಾರೆ. ಅಂಥವರನ್ನು ಗೋಡೆಯ ಕನ್ನಡಿಯ ಮುಂದೆ ನಡೆಸಿ ತೋರಿಸುವುದು ಬೋಲ್ಟುವಿನ ದಿನದ ಕೆಲಸ. ಈಗ ಬೀದಿಯ ನಡುವೆ, ಟ್ಯಾಂಕರಿನವನ ಬೈಗುಳದ ನಡುವೆ, ಯಾರದೋ ಮನೆಯ ಸೊಸೆ ಅವಳಿಗೇ ಕನ್ನಡಿ ಹಿಡಿದಿದ್ದಳು. ಆರು ದಿನ ಅವಳು ಗಾಡಿಯಲ್ಲಿ ಹುಡುಕಿದ್ದಳು. ಟ್ರಿಕ್ಕು ಇದ್ದದ್ದು ಅವಳ ಮಂಡಿಯಲ್ಲಿ. ನಗು ಬಂತು. ಅದರ ಹಿಂದೆಯೇ ಸಿಟ್ಟು ಬಂತು, ಅದು ಹೋಗಲಿಲ್ಲ.

ಉಳಿದ ಮನೆಗಳನ್ನು ಮುಗಿಸಿ ಮಧ್ಯಾಹ್ನ ನೇರ ಶೆಡ್ಡಿಗೆ ಬಂದಳು. ಸ್ಕೂಟರಿನ ಬ್ರೇಕು ಕಟ್ಟಿಸಲು ಬಂದಿದ್ದ ಒಬ್ಬ ಟೈಲರು ಬೆಂಚಿನ ಮೇಲೆ ಕೂತಿದ್ದ. ಕುತ್ತಿಗೆಯಲ್ಲಿ ಟೇಪು ಹಾಗೇ ಇತ್ತು.

"ಟೈಲರಣ್ಣ, ನಿಮಗೆ ಕಾರು ಓಡಿಸೋಕೆ ಬರುತ್ತಾ?"

"ಬರುತ್ತಲ್ಲಮ್ಮ. ಅಳಿಯನ ಕಾರು ನಾನೇ ಓಡಿಸೋದು."

"ಇದನ್ನ ಸ್ವಲ್ಪ ಸ್ಟಾರ್ಟ್ ಮಾಡಿ." ಕೀ ಅವನ ಕೈಗಿಟ್ಟಳು.

ಮೇಸ್ತ್ರಿ ಬಂದ, ಅಣ್ಣ ಬಂದ, ಚಿಕ್ಕಪ್ಪ ಬಂದ. ಟೈಲರು ಬಾಗಿಲು ಎಳೆದ. ಬರಲಿಲ್ಲ.

"ಮೇಲಕ್ಕೆತ್ತಿ ಎಳೀರಿ," ಎಂದ ಅಣ್ಣ.

ಬಂತು. ಕೂತ. ಕೀ ತಿರುಗಿಸಿದ. ಗಾಡಿ ಕುಯ್ಯೋ ಎಂದು ಸುಮ್ಮನಾಯಿತು.

"ಹಾಗಲ್ಲ, ಅರ್ಧ ತಿರುಗಿಸಿ," ಎಂದ ಚಿಕ್ಕಪ್ಪ. "ಪಂಪು ಗುಂಯ್ ಅನ್ನುತ್ತೆ, ಅದು ನಿಲ್ಲೋವರೆಗೂ ಕಾಯ್ರಿ."

ಕಾದ. ತಿರುಗಿಸಿದ. ಮತ್ತೆ ಕುಯ್ಯೋ.

"ಮಂಡಿ ಕೊಡ್ರೀ, ಮಂಡಿ!" ಎಂದು ಮೇಸ್ತ್ರಿ ಕೂಗಿದ. "ಸ್ಟೀರಿಂಗ್ ಕೆಳಗೆ ಒಂಚೂರು ಒತ್ತಿ, ಅದೇನು ದೊಡ್ಡ..."

ಮಾತು ಅಲ್ಲೇ ನಿಂತಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರು ಒಳಗೆ ಕೂತೇ, "ಎಡ ಮಂಡಿನೋ ಬಲ ಮಂಡಿನೋ?" ಎಂದು ಕೇಳಿದ.

ಮೇಸ್ತ್ರಿ ತನ್ನ ಗಾಡಿಯ ಸುತ್ತ ಒಂದು ಸುತ್ತು ನಡೆದ. ಬಾಗಿಲಿನ ಕೆಳಗೆ ಬಗ್ಗಿ ನೋಡಿದ. ಅವನ ಕಿವಿ ಕೆಂಪಾಗಿತ್ತು. ಆಗ ಅಣ್ಣನಿಗೆ ಒಂದು ದಾರಿ ಹೊಳೆಯಿತು. "ತಡಿ ತಡಿ. ಇದನ್ನ ನೀನು ಹುಡುಕಿದ್ಯೋ, ಯಾರಾದ್ರೂ ಹೇಳಿಕೊಟ್ರೋ?"

ಸುಳ್ಳು ಹೇಳಬಹುದಿತ್ತು. "ಪೇಷೆಂಟ್ ಮನೆ ಸೊಸೆ ಹೇಳಿದ್ದು," ಎಂದಳು.

"ಹಾಂ! ಅಪ್ಪ ಹೇಳಿದ್ದು ನೀನು ಹುಡುಕ್ಬೇಕು ಅಂತ. ಏಳು ದಿನ ನಿನಗೆ ಸಿಗ್ಲಿಲ್ಲ. ಸೋತೆ!"

"ಹೌದು," ಎಂದ ಮೇಸ್ತ್ರಿ ತಟ್ಟನೆ. ಮುಳುಗುವವನಿಗೆ ಹಲಗೆ ಸಿಕ್ಕಿತ್ತು. "ಮಾತು ಅಂದ್ರೆ ಮಾತು. ಪಂದ್ಯ ನಂದು."

ವಾದಿಸಲು ಬೋಲ್ಟು ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಒಂದು ಅನ್ನಿಸಿತು: ಈ ಪಂದ್ಯಕ್ಕೆ ತಾನು ಒಪ್ಪಿದ್ದೇ ಯಾಕೆ? ಇಪ್ಪತ್ತಾರು ವರ್ಷದ ಹೆಂಗಸು, ತನ್ನ ದುಡಿಮೆಯಲ್ಲಿ ಒಂದು ಕಾರು ತೆಗೆದುಕೊಳ್ಳಲು, ಅರ್ಧ ಕೀ ತಿರುಗಿಸಿ, ಅಪ್ಪನ ಗುಂಯ್ ನಿಲ್ಲುವವರೆಗೆ ಕಾದು, ಎಲ್ಲೋ ಒಂದು ಕಡೆ ಮಂಡಿ ಒತ್ತುತ್ತ ಕೂತಿದ್ದಾಳಲ್ಲ!

"ಆಯ್ತಪ್ಪ. ಸೋತೆ," ಎಂದಳು. "ಪಂದ್ಯ ನಿಂದೇ. ಹೊಸ ಕಾರೂ ತಗೋತೀನಿ."

"ಅದ್ಹೇಗೆ? ಸೋತಮೇಲೆ..."

"ಸೋತಮೇಲೇನೇ. ಗೆದ್ದಿದ್ರೆ ನೀನು ಕೊಡಿಸ್ದಂಗೆ ಆಗ್ತಿತ್ತು. ಈ ಗಾಡಿಗೆ ಹೆಸರಿಡೋ ಹಾಗಿಲ್ಲ, ಅಪ್ಪ, ಅಷ್ಟು ಚೆನ್ನಾಗಿದೆ. ಇಂಥ ಇಂಜಿನ್ ಊರಲ್ಲಿ ಯಾವನೂ ಕಟ್ಟಲ್ಲ. ನಿನ್ನ ಕೈ ಬಗ್ಗೆ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸು, ಅವರ ಮುಖಕ್ಕೇ ಹೇಳ್ತೀನಿ. ಆದ್ರೆ ನಂಗೆ ಬೇಡ. ಯಾಕೆ ಅಂತ ಇನ್ನೊಂದ್ಸಲ ಹೇಳಲ್ಲ."

"ಹೋಗ್ತೀಯಾ ಹಾಗಾದ್ರೆ? ನನ್ನ ಮಾತು ಮೀರಿ?"

"ಹೋಗ್ತೀನಿ. ಈಗ್ಲೇ."

"ಬರಲ್ಲ ನಾನು!"

"ಬರಬೇಡ!"

ಬ್ಯಾಗು ಹೆಗಲಿಗೇರಿಸಿ, ಕೀ ಟೈಲರನ ಕೈಯಲ್ಲೇ ಬಿಟ್ಟು, ಅವಳು ಬಸ್‌ಸ್ಟಾಪಿನ ಕಡೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ಬೀದಿಯ ತಿರುವು ಹತ್ತಿರ ಬಂದಾಗ ಹಿಂದಿನಿಂದ ಮೇಸ್ತ್ರಿಯ ಗಂಟಲು ಕೇಳಿಸಿತು. ಮೂವತ್ತೆಂಟು ವರ್ಷ ಇಂಜಿನ್ನುಗಳ ಗಲಾಟೆ ಮೀರಿಸಿದ ಗಂಟಲು, ಇಡೀ ಬೀದಿಗೆ ಕೇಳಿಸಿತು.

"ಏಯ್! ಬಿಳೀದು ತಗೋಬೇಡ! ಕೊಳೆ ಕಾಣುತ್ತೆ!"

ಬೋಲ್ಟು ನಿಂತಳು. ಅಲ್ಲಿಯವರೆಗೂ ಅವಳ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. ತಿರುಗಿ ನಿಂತು, ಅಪ್ಪನಿಗೆ ಸರಿಸಾಟಿಯಾದ ಗಂಟಲಲ್ಲಿ ಕೂಗಿದಳು.

"ಬಿಳೀದೇ ತಗೋತೀನಿ!"

ಸಂಜೆ ಐದು ಗಂಟೆಗೆ ಬಿಳಿ ಕಾರಿಗೇ ಸಹಿ ಹಾಕಿ ಬಂದಳು.