ಹನುಮಯ್ಯನ ಕಣ್ಣಳತೆ

ಕೋಣನಕುಂಟೆಯ ಕಮ್ಮಾರ ಹನುಮಯ್ಯನಿಗೆ ತನ್ನ ಕಣ್ಣಿನ ಮೇಲೆ ಎಷ್ಟು ಜಂಬವೆಂದರೆ, ಕುಲುಮೆಯಲ್ಲಿ ಒಂದು ಅಳತೆಪಟ್ಟಿಯನ್ನೂ ಇಟ್ಟುಕೊಂಡವನಲ್ಲ. ಕಬ್ಬಿಣವನ್ನು ಮೂಗಿನ ನೇರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಮುಗಿಯಿತು, ಎಲ್ಲಿ ಸೊಟ್ಟ ಎಂದು ಹೇಳಿಬಿಡುತ್ತಿದ್ದ. ಅವನಿಗೆ ಅರವತ್ತು ದಾಟಿದ ಮೇಲೆ ಭಾವಮೈದ ಸಂಜೀವಯ್ಯ ಸುಮ್ಮನಿರಬೇಕಲ್ಲ! ಯಾವುದೋ ಕಣ್ಣಿನ ಕ್ಯಾಂಪಿನಿಂದ ಸೋಡಾ ಬಾಟ್ಲಿ ತಳದಂಥ ಕನ್ನಡಕ ತಂದು, ಹಾಕಿಕೊಳ್ಳಿ ಎಂದು ದಿನಾ ಪ್ರಾಣ ತಿನ್ನುತ್ತಿದ್ದ.

ಈ ಸಂಜೀವಯ್ಯ ಗಾರೆ ಮೇಸ್ತ್ರಿ. ಕುಲುಮೆಯ ಎದುರಿಗೇ ಸ್ವಂತ ಮನೆ ಕಟ್ಟಿ, ತಾನೇ ಮೊಸಾಯಿಕ್ ನೆಲ ಹಾಕಿ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಿದ್ದ. ಗೃಹಪ್ರವೇಶದ ಅಡುಗೆಗೆ ಕುಂಬಳಕಾಯಿ ಹೆಚ್ಚಲು ದೊಡ್ಡ ಚಾಕು ಬೇಕೆಂದು ಭಾವನಿಗೇ ಹೇಳಿದ.

"ಈ ಸಲ ಸೊಟ್ಟ ಆದ್ರೆ ಕನ್ನಡಕ ಹಾಕ್ಕೊಂಡು ಮನೇಲಿ ಕೂತ್ಕೊ. ಕುಲುಮೆಗೆ ನಾನೇ ಬೀಗ ಜಡೀತೀನಿ," ಎಂದಳು ಹನುಮಯ್ಯನ ಹೆಂಡತಿ, ಸಂಜೀವಯ್ಯನ ಅಕ್ಕ ಮುನಿಯಕ್ಕ.

ಕುಲುಮೆ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಹನುಮಯ್ಯ ಮಾಡುವುದಾದರೂ ಏನು?

ಲಾರಿಯ ಹಳೆ ಕಮಾನುಪಟ್ಟಿಯ ತುಂಡು ಸ್ವಲ್ಪವೇ ಬಾಗಿತ್ತು. ಅದನ್ನು ಕೆಂಪಗೆ ಕಾಯಿಸಿ, ಉಬ್ಬು ಮೇಲಾಗಿಟ್ಟು, ಹದವಾಗಿ ಬಡಿದು, ಒಂದು ಕಣ್ಣು ಮುಚ್ಚಿ ನೋಡಿದ. ನೆಟ್ಟಗಿತ್ತು. ಆರಿದ ಮೇಲೆ ಎಲ್ಲರೆದುರು ತೋರಿಸಲೆಂದು ಎದುರು ಮನೆಯ ಹಾಲ್‌ನ ನೆಲದ ಮೇಲಿಟ್ಟ. ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು!

"ಕಣ್ಣು ಹೋಗಿದೆ ಭಾವ ಅಂದ್ರೆ ಕೇಳಲ್ಲ ನೀವು," ಎಂದ ಸಂಜೀವಯ್ಯ.

ಹನುಮಯ್ಯ ಓಡಿದ. ಕಾಯಿಸಿದ, ಬಡಿದ, ತಂದಿಟ್ಟ. ಇನ್ನೂ ಸಂದು. ಮತ್ತೆ ಓಡಿದ. ರಸ್ತೆ ದಾಟಿ ದಾಟಿ ಚಪ್ಪಲಿಯ ಉಂಗುಷ್ಟ ಕಿತ್ತಿತು. ನಾಲ್ಕನೇ ಸಲ ಪಟ್ಟಿ ನೆಲಕ್ಕೆ ಅಂಟಿದಂತೆ ಕೂತಾಗ ಅವನಿಗೆ ಹೋದ ಜೀವ ಬಂದಂತಾಯಿತು.

ಸಂಜೀವಯ್ಯ ಬಿಡಬೇಕೇ? ಬಗ್ಗಿ ಪಟ್ಟಿಯನ್ನು ಮಗುಚಿ ಹಾಕಿದ. ಈಗ ನಡುವೆ ಬೆರಳೇ ತೂರುತ್ತಿತ್ತು.

"ಅಕ್ಕಾ, ಕೊಡು ಕನ್ನಡಕ."

ಹನುಮಯ್ಯ ಕೈ ಚಾಚಿದ. ಮುನಿಯಕ್ಕ ಕನ್ನಡಕ ತೆಗೆಯಲು ಎದ್ದಾಗ, ಪೂಜೆಗೆಂದು ಮಡಿಲಲ್ಲಿ ಇಟ್ಟುಕೊಂಡಿದ್ದ ನಿಂಬೆಹಣ್ಣೊಂದು ಬಿದ್ದು, ಉರುಳಿ ಉರುಳಿ ಹಾಲ್‌ನ ನಟ್ಟನಡುವೆ ನಿಂತಿತು. ಎತ್ತಿ ಮೂಲೆಗಿಟ್ಟಳು. ಮತ್ತೆ ಅಲ್ಲಿಗೇ ಬಂತು. ಮುನಿಯಕ್ಕ ತಮ್ಮನ ಮುಖವನ್ನೊಮ್ಮೆ ನೋಡಿ, ಉಳಿದ ಮೂರು ಮೂಲೆಗಳಲ್ಲೂ ಒಂದೊಂದು ನಿಂಬೆಹಣ್ಣು ಇಟ್ಟು ಕೈಬಿಟ್ಟಳು. ಮೂರೂ ಸಾವಕಾಶವಾಗಿ ಬಂದು ಮೊದಲನೆಯದರ ಪಕ್ಕ ಸೇರಿಕೊಂಡವು.

"ಲೋ ಸಂಜೀವ, ಬಾರೋ ಇಲ್ಲಿ," ಎಂದು ಕನ್ನಡಕವನ್ನು ತಮ್ಮನ ಮೂಗಿಗೇ ಏರಿಸಿದಳು.

ಹನುಮಯ್ಯ ಪಟ್ಟಿಯನ್ನು ಎತ್ತಿಕೊಂಡು ಹೊರಟ. ಅವನ ನಡಿಗೆಯೇ ಬದಲಾಗಿತ್ತು.

"ಭಾವ, ಚಾಕು..." ಎಂದ ಸಂಜೀವಯ್ಯ, ಸಣ್ಣ ದನಿಯಲ್ಲಿ.

"ಮಾಡ್ಕೊಡ್ತೀನಿ ಕಣಪ್ಪ, ಹಿಂಗೇ ಮಾಡ್ಕೊಡ್ತೀನಿ. ಆದ್ರೆ ಆಚೆಗೆ ಮಾತ್ರ ತಗೊಂಡ್ಹೋಗ್ಬೇಡ. ಇದು ನೆಟ್ಟಗಿರೋದು ನಿನ್ ಮನೇಲೊಂದೇ."